ನೀವು ಮಲಗಿ, ತಾಯಮ್ಮ ಎಬ್ಬಿಸುತ್ತಾರೆ

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕ್ಯಾಂಟೀನಿನ ಒಲೆ ಹೊತ್ತಿಕೊಂಡು ಮೊದಲ ಚಹಾದ ವಾಸನೆ ತೇಲಿ ಬರುತ್ತಿದೆ. ತಂಗುದಾಣದ ಬೆಂಚುಗಳ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಮುಸುಕು ಹಾಕಿಕೊಂಡು ಮಲಗಿದ್ದಾರೆ. ಸೀರೆಯ ಮೇಲೆ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಅವರ ನಡುವೆ ನಿಧಾನವಾಗಿ ನಡೆದು ಬರುತ್ತಾರೆ. ಮಲಗಿದವರ ಮುಖವನ್ನು ಅವರು ನೋಡುವುದಿಲ್ಲ. ಬೆಂಚಿನ ಕೆಳಗೆ ಬಿಟ್ಟಿರುವ ಚಪ್ಪಲಿಗಳನ್ನು ನೋಡುತ್ತಾರೆ.

ಸೊರಬದ ಬಸ್ಸು ಗೇಟಿನಲ್ಲಿ ತಿರುಗುತ್ತಿದ್ದಂತೆ ಅವರ ನಡಿಗೆ ಚುರುಕಾಗುತ್ತದೆ. ಪಕ್ಕದ ಮಳಿಗೆಯ ಗಾಜಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ ಹಿಡಿದು, ಅರ್ಧ ಒಳಗೆ ಅರ್ಧ ಹೊರಗೆ ನಿಂತು ಒಂದು ಕೂಗು ಹಾಕುತ್ತಾರೆ.

"ಶಿರಾಳಕೊಪ್ಪ, ಸೊರಬ! ಏಳ್ರಪ್ಪ, ಏಳ್ರವ್ವ, ನಿಮ್ಮ ಬಸ್ ಬಂತು!"

ಗಾಜಿನೊಳಗೆ ಏಸಿಯ ತಂಪಿನಲ್ಲಿ ಸೋಫಾದ ಮೇಲೆ ಕಾಲು ಚಾಚಿದ್ದವರು ಎದ್ದು ಕೂರುತ್ತಾರೆ. ಹೊರಗೆ ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರೂ ಎದ್ದು ಕೂರುತ್ತಾರೆ. ಒಳಗಿನವರು ಗಂಟೆಗಿಷ್ಟು ಎಂದು ದುಡ್ಡು ಕೊಟ್ಟವರು, ಅಜ್ಜಿ ಕೊಟ್ಟಿಲ್ಲ. ಎಲ್ಲರೂ ಒಂದೇ ಬಸ್ಸು ಹತ್ತುತ್ತಾರೆ. ಆಮೇಲೂ ಏಳದ ಒಬ್ಬ ಹುಡುಗನ ಹೆಗಲನ್ನು ಆ ಕೋಟಿನ ಹೆಂಗಸು, ತಾಯಮ್ಮ, ಹೋಗಿ ಅಲುಗಿಸುತ್ತಾರೆ. "ಏಳಪ್ಪ, ಹೆಂಡ್ತಿ ಮನೆಗೆ ಹೊಂಟೀಯೋ, ಮಲಗೋಕೆ ಹೊಂಟೀಯೋ?"

ಐವತ್ತು ದಾಟಿದ ತಾಯಮ್ಮ ಈ ನಿಲ್ದಾಣದಲ್ಲಿ ಬಹಳ ವರ್ಷ ಕಸ ಗುಡಿಸಿದವರು. ಗಂಡ ಹುಚ್ಚರಾಯಪ್ಪ ಕುರಿ ಸಾಕುತ್ತಾರೆ. ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಹಿಂಡಿನ ಜೊತೆ ಊರೂರು ತಿರುಗುತ್ತಾರೆ. ಮನೆಯ ಒಲೆ ಉರಿಯಲು ತಾಯಮ್ಮ ಕಸಬರಿಗೆ ಹಿಡಿದರು. ಗುತ್ತಿಗೆದಾರರು ಸಂಬಳ ಕೊಡುತ್ತಿದ್ದದ್ದು ಗುಡಿಸಿದ್ದಕ್ಕೆ ಮಾತ್ರ. ಮಲಗಿದವರನ್ನು ಎಬ್ಬಿಸು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿಲ್ದಾಣದಲ್ಲಿ ಮೈಕಿದೆ, ಬಸ್ಸುಗಳ ಹೆಸರು ಹೇಳುತ್ತಲೇ ಇರುತ್ತದೆ. ಆದರೆ ನಿದ್ದೆ ಹತ್ತಿದವನ ಹೆಗಲು ಹಿಡಿದು ಅಲುಗಿಸಲು ಮೈಕಿಗೆ ಕೈ ಎಲ್ಲಿಂದ ಬರಬೇಕು?

ಅವರ ಲೆಕ್ಕಾಚಾರ ಇಷ್ಟೇ. ಮಲಗುವ ಮುಂಚೆ ಪ್ರಯಾಣಿಕರು ಅವರಿಗೆ ಊರು ಹೇಳುತ್ತಾರೆ. ತಾಯಮ್ಮ ಅವರ ಚಪ್ಪಲಿಯನ್ನು ಕಾಲಿನಿಂದಲೇ ಸರಿಸಿ ತಿರುಗಿಸಿಡುತ್ತಾರೆ. ಸೊರಬದ ಕಡೆಯವರ ಚಪ್ಪಲಿ ಕ್ಯಾಂಟೀನಿಗೆ ಮುಖ ಮಾಡಿರುತ್ತದೆ, ಶಿವಮೊಗ್ಗದ ಕಡೆಯವರದು ಗೇಟಿಗೆ, ಹಳ್ಳಿ ಬಸ್ಸಿನವರದು ಗೋಡೆಗೆ. ಮುಸುಕಿನೊಳಗೆ ಯಾರಿದ್ದರೂ ಚಿಂತೆಯಿಲ್ಲ. ರೂಢಿಯಾದವರು ಈಗ ತಾವೇ ತಿರುಗಿಸಿಟ್ಟು ಮಲಗುತ್ತಾರೆ. ಹೊಸಬರು ಮಾತ್ರ ನಮ್ಮ ಚಪ್ಪಲಿಗೆ ಇವರೇಕೆ ಕಾಲು ಹಾಕುತ್ತಾರೆ ಎಂದು ಗುರಾಯಿಸುತ್ತಾರೆ.

ಈ ಹಠ ಎಲ್ಲಿಂದ ಬಂತು ಎಂದು ಕೇಳಿದರೆ ತಾಯಮ್ಮ ಮೊದಲು ನಗುತ್ತಾರೆ. ಆಮೇಲೆ ತಾವೇ ಹೇಳುತ್ತಾರೆ. ಅವರ ತವರು ಸೊರಬ ತಾಲ್ಲೂಕಿನ ಉಳವಿ. ಮಗಳು ಸುಮಾ ಆಗಿನ್ನೂ ಹಾಲು ಕುಡಿಯುವ ಕೂಸು. ಅವ್ವನಿಗೆ ಕಾಯಿಲೆ ಜಾಸ್ತಿಯಾಗಿದೆ ಎಂದು ತವರಿನಿಂದ ಸುದ್ದಿ ಬಂತು. ಗಂಡ ಹಿಂಡಿನ ಜೊತೆ ದೂರದಲ್ಲಿದ್ದರು. ಕೂಸನ್ನು ಎತ್ತಿಕೊಂಡು ಒಬ್ಬರೇ ಹೊರಟು ಇದೇ ತಂಗುದಾಣಕ್ಕೆ ಬಂದು, ಸೊರಬದ ಕೊನೆಯ ಬಸ್ಸಿಗೆ ಕಾಯುತ್ತ ಕೂತರು. ಇಡೀ ದಿನ ಅತ್ತಿದ್ದ ಕೂಸು ಮಲಗಿತು. ಕೂಸಿನ ಜೊತೆ ತಾಯಿಗೂ ಕಣ್ಣು ಹತ್ತಿತು.

"ಎಚ್ಚರಾದಾಗ ಬಸ್ಸೂ ಇಲ್ಲ, ಮಂದೀನೂ ಇಲ್ಲ. ಮಾರನೇ ದಿನ ಮಧ್ಯಾಹ್ನ ಉಳವಿಗೆ ಹೋದೆ. ಎಲ್ಲಾ ಮುಗಿದಿತ್ತು. ನಮ್ಮವ್ವನ ಮಣ್ಣಿಗೂ ಸಿಗಲಿಲ್ಲ ರೀ ನಾನು. ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರೆ ಪಕ್ಕದಾಗೆ ಅಷ್ಟು ಮಂದಿ ಕೂತಿದ್ರಲ್ಲ, ಒಬ್ರಾದ್ರೂ ಎಲ್ಲಿಗೆ ಹೋಗ್ಬೇಕವ್ವ ಅಂತ ಒಂದು ಮಾತು ಕೇಳಿದ್ರೆ..."

ಮುಂದೆ ಇದೇ ನಿಲ್ದಾಣದಲ್ಲಿ ಕೆಲಸ ಸಿಕ್ಕ ಮೊದಲ ದಿನ ಬೆಂಚಿನ ಮೇಲೆ ಮಲಗಿದ್ದ ಅಪರಿಚಿತ ಹೆಂಗಸೊಬ್ಬರನ್ನು ಮುಟ್ಟಿ ಎಬ್ಬಿಸಿ, "ಎಲ್ಲಿಗೆ ಹೋಗ್ಬೇಕವ್ವ?" ಎಂದು ಕೇಳಿದರಂತೆ. ಅಂದಿನಿಂದ ಕೇಳುವುದು ನಿಂತಿಲ್ಲ.

ಇನ್ನು ಆ ಗಾಜಿನ ಬಾಗಿಲಿನ ಕಥೆ. ಸಿಮೆಂಟು ಕಬ್ಬಿಣದ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಹೆಂಡತಿ ಗಂಗಾಶ್ರೀಯವರನ್ನು ಕರೆದುಕೊಂಡು ವಿಮಾನದಲ್ಲಿ ಕಾಶಿಗೆ ಹೋಗಿದ್ದರು. ಬರುವಾಗ ದಿಲ್ಲಿಯಲ್ಲಿ ವಿಮಾನ ತಡವಾಯಿತು. ಜೊತೆಗಿದ್ದ ಯಾರೋ ಲಾಂಜ್ ಅಂತ ಇದೆ, ಹೋಗಿ ಕೂತ್ಕೊಳ್ಳಿ ಎಂದರು. ಮೆತ್ತನೆಯ ಸೋಫಾ, ಬೇಕಾದಷ್ಟು ತಿಂಡಿ, ಕಾಲು ಚಾಚಿದರೆ ಬೈಯುವವರಿಲ್ಲ. ಮಲ್ಲಿಕಾರ್ಜುನಪ್ಪನವರಿಗೆ ಕಾಶಿ ಮರೆತೇಹೋಯಿತು. ಊರಿಗೆ ಬಂದವರೇ ನಿಲ್ದಾಣದ ಮಳಿಗೆಯೊಂದನ್ನು ಹರಾಜಿನಲ್ಲಿ ಹಿಡಿದು, ಏಸಿ ಕೂರಿಸಿ, 'ಗಂಗಾಶ್ರೀ ಪ್ರಯಾಣಿಕರ ಲಾಂಜ್' ಎಂದು ಬೋರ್ಡು ಹಾಕಿಸಿಯೇಬಿಟ್ಟರು.

ಬೋರ್ಡಿನಲ್ಲಿ ಹೆಸರಿದ್ದರೂ ಗಂಗಾಶ್ರೀಯವರಿಗೆ ಲಾಂಜಿನ ಮೇಲೆ ಅಷ್ಟೇನೂ ಮೋಹವಿಲ್ಲ. ವಿಮಾನದವರ ಲಾಂಜಿಗೆ ಕೊಟ್ಟ ದುಡ್ಡು ಗಿಟ್ಟುತ್ತದೆಯೇ ಎಂದರೆ ಅವರು ಮುಖ ಮುಲಾಜಿಲ್ಲದೆ ಹೇಳುತ್ತಾರೆ: "ಮೂರ್ನಾಲ್ಕು ತಾಸು ಕೂರೋದಾದ್ರೆ ಗಿಟ್ಟತತಿ ರೀ. ಮಂಡಿ ನೋವಿದ್ದೋರಿಗೆ, ಕೂಸು ಇದ್ದೋರಿಗೆ ಬೇಕೇಬೇಕು. ಅರ್ಧ ತಾಸಿಗೆ ಹೋದ್ರೆ ದಂಡ. ನಮ್ಮೋರು ದುಡ್ಡು ಕೊಟ್ಟೀನಿ ಅಂತ ಮೂರು ಸಲ ಉಪ್ಪಿಟ್ಟು ಹಾಕ್ಕೊಂಡು ಬಂದ್ರು. ಆಮೇಲೆ ಕೂತಲ್ಲೇ ನಿದ್ದೆ. ಆ ಲಾಂಜಿನಾಗೆ ಯಾವ ವಿಮಾನ ಹೊಂಟ್ತು ಅಂತ ಕೂಗಿ ಹೇಳೋದೇ ಇಲ್ಲಂತೆ. ನಾವು ಓಡಿದ ಓಟಕ್ಕೆ ನನ್ನ ಒಂದು ಚಪ್ಪಲಿ ಅಲ್ಲೇ ಉಳೀತು."

ಚಪ್ಪಲಿ ಕಳೆದರೂ ಮಲ್ಲಿಕಾರ್ಜುನಪ್ಪನವರಿಗೆ ಬುದ್ಧಿ ಬಂದಿರಲಿಲ್ಲ. ಊರಿನ ಲಾಂಜಿನಲ್ಲೂ ಸೋಫಾ ಇಟ್ಟರು, ಚಹಾ ಇಟ್ಟರು, ಎಬ್ಬಿಸುವವರನ್ನು ಇಡಲಿಲ್ಲ. ನಿವೃತ್ತ ಮೇಷ್ಟ್ರು ಮಹೇಶ್ವರಪ್ಪ ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೊರಟವರು, ದುಡ್ಡು ಕೊಟ್ಟು ಒಳಗೆ ಕೂತರು. ದಪ್ಪ ಗಾಜು ದಾಟಿ ಮೈಕಿನ ಸದ್ದು ಒಳಗೆ ಬರುವುದಿಲ್ಲ. ತಂಪಿಗೆ ಸೊಗಸಾದ ನಿದ್ದೆ ಬಂತು, ಬಸ್ಸು ಹೋಯಿತು, ಆಪರೇಷನ್ನಿನ ದಿನ ತಪ್ಪಿತು. ಮೇಷ್ಟ್ರು ನಿಲ್ದಾಣದ ನಡುವೆ ನಿಂತು ಮಲ್ಲಿಕಾರ್ಜುನಪ್ಪನವರ ಮರ್ಯಾದೆ ತೆಗೆದರು. "ಬೆಂಚಿನ ಮೇಲೆ ಪುಕ್ಕಟೆ ಮಲಗಿದ್ರೆ ತಾಯಮ್ಮ ಎಬ್ಬಿಸ್ತಿದ್ಲು. ನಿನಗೆ ದುಡ್ಡು ಕೊಟ್ಟು ಕಣ್ಣು ಕಳ್ಕೊಳ್ಳೋ ಹಂಗಾತು!"

ಮಾರನೇ ದಿನ ಬೆಳಿಗ್ಗೆ ಮಲ್ಲಿಕಾರ್ಜುನಪ್ಪ ತಾಯಮ್ಮನ ಮುಂದೆ ನಿಂತಿದ್ದರು. ಗುಡಿಸುವುದಕ್ಕಿಂತ ಒಳ್ಳೆಯ ಸಂಬಳ, ಕೋಟು, ಕೂರಲು ಕುರ್ಚಿ. ಒಂದೇ ಷರತ್ತು: ಒಳಗೇ ಇರಬೇಕು, ಲಾಂಜಿನ ಗಿರಾಕಿಗಳನ್ನು ಮಾತ್ರ ಎಬ್ಬಿಸಬೇಕು.

ತಾಯಮ್ಮನಿಗೆ ಆಸೆಯಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತು ನಿಂತು ಮಂಡಿ ಸವೆದಿದ್ದವು. ಹುಚ್ಚರಾಯಪ್ಪನೂ, "ನಿಂತಿದ್ದು ಸಾಕು, ಇನ್ನಾದ್ರೂ ಕೂರು" ಎಂದರು. ತಾಯಮ್ಮ ಕಸಬರಿಗೆ ಬಿಟ್ಟು ಕೋಟು ತೊಟ್ಟರು. ಒಳಗೆ ಎಲ್ಲರ ಚಪ್ಪಲಿಗಳೂ ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಸಾಲಾಗಿ ಒಂದೇ ಕಡೆ ಮುಖ ಮಾಡಿಕೊಂಡು ಕೂತಿದ್ದವು. "ಅವನ್ನ ನೋಡಿದ್ರೆ ನನಗೆ ತಲೇನೇ ಓಡ್ತಿರ್ಲಿಲ್ಲ" ಎಂದು ನೆನೆಸಿಕೊಳ್ಳುತ್ತಾರೆ. ಆದರೂ ಕುರ್ಚಿ ಹಿತವಾಗಿತ್ತು. ಗಾಜಿನಾಚೆ ಕಾಣುವ ಬೆಂಚುಗಳ ಕಡೆಗೆ ಬೆನ್ನು ಮಾಡಿ ಕೂರುವುದನ್ನು ಕಲಿತರು.

ಆ ವಾರವೇ ಒಂದು ಬೆಳಿಗ್ಗೆ ಚಹಾದ ಲೋಟ ಇಡಲು ತಿರುಗಿದಾಗ, ಹೊರಗಿನ ಬೆಂಚಿನ ಕೆಳಗೆ ಒಂದು ಜೊತೆ ದಪ್ಪ ಮೆಟ್ಟು ಕಣ್ಣಿಗೆ ಬಿತ್ತು. ಕ್ಯಾಂಟೀನಿಗೆ ಮುಖ ಮಾಡಿತ್ತು. ಸೊರಬದ ಬಸ್ಸು ಆಗಲೇ ಹಿಂದೆ ಸರಿದು ತಿರುಗುತ್ತಿತ್ತು. ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ್ದವನು ಕುರಿಗಾರ ಚಿಕ್ಕಬೀರಪ್ಪ. ತಾಯಮ್ಮ ಇದ್ದಾರೆ ಎಂಬ ನಂಬಿಕೆಯಲ್ಲಿ ಹಳೆಯ ರೂಢಿಯಂತೆ ಮೆಟ್ಟು ತಿರುಗಿಸಿಟ್ಟು ಮಲಗಿದ್ದ. ಅಂದು ಸೊರಬದಲ್ಲಿ ತಹಶೀಲ್ದಾರರ ಮುಂದೆ ಅವನ ಜಮೀನಿನ ವಿಚಾರಣೆ. ಅಪ್ಪನ ಕಾಲದ ಹೊಲದ ಖಾತೆಯನ್ನು ದಾಯಾದಿಗಳು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದರು. ಹಾಜರಾಗದಿದ್ದರೆ ಅವನ ತಕರಾರು ವಜಾ.

ತಾಯಮ್ಮ ಗಾಜು ಬಡಿದರು, ಕೂಗಿದರು. ಹೊರಗೆ ಏನೂ ಕೇಳಿಸಲಿಲ್ಲ. "ನನ್ನ ಕೂಗು ನನಗೇ ವಾಪಸ್ ಬಂತು ರೀ. ಅವತ್ತು ನನ್ನ ಪಕ್ಕದಾಗೆ ಕೂತಿದ್ದ ಮಂದಿ ಹಂಗೇ ನಾನೂ ಆಗಿಬಿಟ್ನಲ್ಲ ಅನ್ನಿಸ್ತು." ಬಾಗಿಲು ತಳ್ಳಿಕೊಂಡು ಹೊರಬಿದ್ದವರು ಚಿಕ್ಕಬೀರಪ್ಪನ ಕಡೆ ಹೋಗಲಿಲ್ಲ. ನೇರ ಹೋಗಿ ಬಸ್ಸಿನ ಮುಂದೆ ಎರಡೂ ಕೈ ಅಗಲಿಸಿ ನಿಂತರು. ಡ್ರೈವರು ಬೈದರು, ಕಂಡಕ್ಟರು ಬೈದರು. ಗದ್ದಲಕ್ಕೆ ಎಚ್ಚೆತ್ತ ಚಿಕ್ಕಬೀರಪ್ಪ ಕಂಬಳಿ ಎಳೆದುಕೊಂಡು, ಮೆಟ್ಟು ಕೈಯಲ್ಲಿ ಹಿಡಿದು ಓಡಿ ಬಂದು ಬಸ್ಸು ಹತ್ತಿದ. ವಿಚಾರಣೆಗೆ ಸಿಕ್ಕ. ಹೊಲ ಇವತ್ತಿಗೂ ಅವನ ಹೆಸರಿನಲ್ಲೇ ಇದೆ.

ತಾಯಮ್ಮ ಕೋಟು ಬಿಚ್ಚಿ ಮಲ್ಲಿಕಾರ್ಜುನಪ್ಪನವರ ಮುಂದೆ ಇಟ್ಟರು. "ಒಳಗೆ ಕೂತು ಕೂಗಿದ್ರೆ ಹೊರಗೆ ಕೇಳ್ಸಲ್ಲ ಅಣ್ಣ. ಬಾಗಿಲಾಗೆ ನಿಂತು ಕೂಗಿದ್ರೆ ಎರಡೂ ಕಡಿಗೆ ಕೇಳ್ತತಿ. ಬಾಗಿಲಾಗೆ ನಿಲ್ಲಿಸ್ತೀರೋ, ಕೋಟು ಇಟ್ಕೊಂತೀರೋ?" ಮಲ್ಲಿಕಾರ್ಜುನಪ್ಪ ಕರೆಂಟಿನ ಬಿಲ್ಲು, ಓಡಿಹೋಗುವ ತಂಪು ಎಂದೆಲ್ಲ ರಾಗ ಎಳೆದರು. ತೀರ್ಮಾನ ಮಾಡಿದ್ದು ಗಂಗಾಶ್ರೀ. "ಬಸ್ ಬಂದಾಗ ಬಾಗಿಲು ತೆಗೆದ್ರೆ ಎಷ್ಟು ತಂಪು ಹೋಗ್ತತಿ? ದಿಲ್ಲಿಯಾಗೆ ಇಂಥೋಳು ಒಬ್ಬಳಿದ್ದಿದ್ರೆ ನನ್ನ ಚಪ್ಪಲಿ ಉಳೀತಿತ್ತು. ಕುರ್ಚಿ ಬಾಗಿಲ ಮೆಟ್ಟಿಲ ಮ್ಯಾಲೆ ಹಾಕ್ಸಿ."

ಕುರ್ಚಿ ಈಗ ಮೆಟ್ಟಿಲ ಮೇಲಿದೆ. ಚಪ್ಪಲಿ ಸ್ಟ್ಯಾಂಡು ಮೂಲೆ ಸೇರಿದೆ. ಲಾಂಜಿನ ಗಿರಾಕಿಗಳೂ ಊರಿನ ದಿಕ್ಕಿಗೆ ಚಪ್ಪಲಿ ತಿರುಗಿಸಿಟ್ಟು ಮಲಗುತ್ತಾರೆ. ಸಂಬಳ ನಂದು, ಕೂಗು ಊರಿಗೆಲ್ಲ ಎಂದು ಮಲ್ಲಿಕಾರ್ಜುನಪ್ಪ ಆಗಾಗ ಗೊಣಗುತ್ತಾರೆ. ಆದರೆ ಮಹೇಶ್ವರಪ್ಪ ಮೇಷ್ಟ್ರು ಬೇರೆ ದಿನ ಹಿಡಿದು ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ಪುನಃ ಇಲ್ಲೇ ದುಡ್ಡು ಕೊಟ್ಟು ಕೂರುತ್ತಿರುವುದು ಅವರಿಗೂ ಗೊತ್ತು.

ತಾಯಮ್ಮ ವಿಮಾನ ಹತ್ತಿದವರಲ್ಲ. ಲಾಂಜಿಗೆ ಅಷ್ಟು ದುಡ್ಡು ಕೊಡಬಹುದೇ ಎಂದು ಅವರನ್ನೂ ಕೇಳಬೇಕೆನಿಸುತ್ತದೆ. "ಕಣ್ತುಂಬ ನಿದ್ದೆ ಬಂದ್ರೆ ಕೊಡ್ಲಿ ಬಿಡ್ರಿ. ಆದ್ರೆ ಎಬ್ಬಿಸೋರು ಇದಾರೆ ಅಂತ ಗ್ಯಾರಂಟಿ ಇಲ್ದೆ ನಿದ್ದೆ ಹೆಂಗೆ ಬರ್ತತಿ? ನನಗಂತೂ ಬರಲ್ಲ. ಅವ್ವ ಹೋದ್ಮ್ಯಾಲೆ ಬಸ್ಸಿನಾಗೂ ಕಣ್ಣು ಮುಚ್ಚಿಲ್ಲ ನಾನು. ಒಂದ್ಸಲ ಈ ಬೆಂಚಿನ ಮ್ಯಾಲೆ ನಾನೂ ಮಲಗ್ಬೇಕು, ಯಾರಾರ ಬಂದು ಏಳವ್ವ ನಿನ್ನ ಬಸ್ ಬಂತು ಅನ್ಬೇಕು ಅಂತ ಆಸೆ ಐತಿ. ಅಷ್ಟೇ."

ಇವತ್ತು ಅವರು ಅರ್ಧ ದಿನ ರಜೆ ಹಾಕಿದ್ದಾರೆ. ಅವ್ವನ ಹೆಸರಿನಲ್ಲಿ ಎಡೆ ಇಡಲು ಉಳವಿಗೆ ಹೋಗಬೇಕು. ಕೋಟು ಕುರ್ಚಿಗೆ ನೇತುಹಾಕಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಎದುರು ಬೆಂಚಿನಲ್ಲಿ ಕುರಿಗೆ ಔಷಧಿ ಒಯ್ಯಲು ಬಂದ ಚಿಕ್ಕಬೀರಪ್ಪ ಕೋಲು ಊರಿ ಕೂತು ಇದೆಲ್ಲವನ್ನೂ ಕೇಳಿಸಿಕೊಂಡಿದ್ದಾನೆ.

"ಮಲಗವ್ವ, ನಾನು ಎಬ್ಬಿಸ್ತೀನಿ" ಎನ್ನುತ್ತಾನೆ.

"ನೀನಾ? ಮೊದ್ಲು ನೀನು ಎಚ್ಚರಿರೋದು ಕಲಿ" ಎಂದು ತಾಯಮ್ಮ ನಗುತ್ತಾರೆ. ಕಾಲು ಮಾತ್ರ ಮೇಲೆತ್ತಿ ಮಡಚಿಕೊಳ್ಳುತ್ತಾರೆ.

ಚಿಕ್ಕಬೀರಪ್ಪ ಕೋಲಿನ ತುದಿಯಿಂದ, ಕೆಳಗೆ ಬಿಟ್ಟಿದ್ದ ಅವರ ಚಪ್ಪಲಿಯನ್ನು ಒಂದೊಂದಾಗಿ ಕ್ಯಾಂಟೀನಿನ ಕಡೆ ತಿರುಗಿಸಿಡುತ್ತಾನೆ. ತಾಯಮ್ಮ ಆ ಚಪ್ಪಲಿಗಳನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಚೀಲವನ್ನು ತಲೆಗೆ ಇಂಬು ಮಾಡಿಕೊಂಡು, ಸೆರಗು ಮುಖದ ಮೇಲೆಳೆದು ಮಲಗುತ್ತಾರೆ. ಬಸ್ಸಿಗೆ ಇನ್ನೂ ಹೊತ್ತಿದೆ.