ಎರಡು ಒಲೆ, ಒಂದು ಕಾರ್ಡು

ನಮ್ಮ ಮನೆಗೆ ಒಲೆ ಎರಡು, ರೇಷನ್ ಕಾರ್ಡು ಒಂದು. ಕಳಸಾಪುರದಲ್ಲಿ ಇದು ಹೊಸದೇನಲ್ಲ. ನಾನು ಹುಟ್ಟುವ ಮೊದಲೇ ಅವ್ವನಿಗೂ ದೊಡ್ಡವ್ವನಿಗೂ ಯಾವುದೋ ಉಪ್ಪಿನಕಾಯಿಯ ಮಾತಿಗೆ ಜಗಳವಾಗಿ ಅಡುಗೆ ಬೇರೆಯಾಯಿತು. ಹೊಲ ಬೇರೆಯಾಗಲಿಲ್ಲ, ತಲಬಾಗಿಲು ಬೇರೆಯಾಗಲಿಲ್ಲ. ಅಜ್ಜಿ ಮುಂಜಾನೆ ನಮ್ಮ ಒಲೆಯ ರೊಟ್ಟಿ, ಸಂಜೆ ದೊಡ್ಡಪ್ಪನ ಒಲೆಯ ರೊಟ್ಟಿ ತಿನ್ನುತ್ತಿದ್ದಳು. ಕಾರ್ಡು ಬೇರೆ ಮಾಡಿಸುವ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಒಲೆ ಬೇರೆಯಾದರೆ ಅದು ಹೆಂಗಸರ ಜಗಳ. ಕಾಗದ ಬೇರೆಯಾದರೆ ಅಣ್ಣತಮ್ಮಂದಿರೇ ಒಡೆದ ಹಾಗೆ. ಹೀಗೆ ನಮ್ಮವರ ಲೆಕ್ಕ.

ಆ ಲೆಕ್ಕ ನನ್ನ ಕಾಲೇಜಿನ ಫೀಗೆ ಅಡ್ಡ ಬಂತು.

ನಮ್ಮ ಮನೆತನದಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗದಗಿನ ಕಾಲೇಜಿನವರು ಫೀಯನ್ನು ಎರಡು ಕಂತಿನಲ್ಲಿ ಕಟ್ಟಲು ಒಪ್ಪಿದ್ದರು. ಬೇಸಿಗೆಯಿಡೀ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಡಚಿ ಮೊದಲ ಕಂತನ್ನು ನಾನೇ ಕಟ್ಟಿದೆ. ಪತ್ರಿಕೆಯ ಬಂಗಾರದ ಪುಡಿ ತೊಳೆದರೂ ಬೆರಳು ಬಿಡುತ್ತಿರಲಿಲ್ಲ. ಎರಡನೆಯ ಕಂತಿಗೆ ವಿದ್ಯಾರ್ಥಿವೇತನ ಬರುತ್ತದೆಂದು ನಂಬಿದ್ದೆ. ಅದಕ್ಕೆ ಆದಾಯದ ಪ್ರಮಾಣಪತ್ರ ಬೇಕಿತ್ತು. ಅಪ್ಪನನ್ನು ಕರೆದುಕೊಂಡು ಊರಿನ ಗ್ರಾಮಲೆಕ್ಕಿಗ ತಲಾಟಿಯ ಹತ್ತಿರ ಹೋದೆ.

"ನಿಮ್ಮ ಅಣ್ಣ ಮುಂಡರಗಿ ಕಡೆ ಬಸ್ ಹೊಡಿತಾನಲ್ಲ? ಅವನ ಪಗಾರಾನೂ ನಿಮ್ಮ ಆದಾಯದಾಗ ಬರತೈತಿ" ಎಂದರು ತಲಾಟಿ.

"ಅವಂದು ಬ್ಯಾರೆ ಒಲಿ ರೀ ಸಾಹೇಬ್ರ."

"ಸರ್ಕಾರ ಒಲಿ ಎಣಿಸಂಗಿಲ್ಲೋ ಯಪ್ಪಾ, ಕಾರ್ಡ್ ಎಣಸ್ತೈತಿ."

ದೊಡ್ಡಪ್ಪನ ಪಗಾರ ಸೇರಿದರೆ ನಾವು ಮಿತಿ ದಾಟಿದವರು, ವಿದ್ಯಾರ್ಥಿವೇತನಕ್ಕೆ ಸಲ್ಲದವರು. ದಾರಿಯಲ್ಲಿ, ಕಾರ್ಡು ಬೇರೆ ಮಾಡಿಸೋಣವೇ ಎಂದು ಅಪ್ಪನನ್ನು ಕೇಳಿದೆ. "ಅಣ್ಣನ ಮುಂದ ಆ ಮಾತು ನನ್ನ ಬಾಯಾಗ ಬರಂಗಿಲ್ಲ. ಸಾಲಿ ಬಿಡೂದಿದ್ರ ಬಿಡು" ಎಂದ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಸಂಜೆ ದೊಡ್ಡಪ್ಪ ಖಾಕಿ ಅಂಗಿಯನ್ನೂ ಬಿಚ್ಚದೆ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಎಷ್ಟ ಐತಿ ಫೀ? ನಾ ಕಟ್ತೀನಿ. ಒಂದ ಕಾಗದಕ್ಕ ಮನಿ ಒಡಿಬ್ಯಾಡ್ರಿ." ಮರುದಿನ ತಾನೇ ಕಾಲೇಜಿಗೆ ಬಂದು ಕಟ್ಟಿದ. ನಾನು ಆ ವರ್ಷದ ಪರೀಕ್ಷೆ ಬರೆದೆ.

ಅಲ್ಲಿಂದ ನಾನು ಎರಡೂ ಒಲೆಗಳ ಮಗಳಾದೆ. ಪುಸ್ತಕ ತೆಗೆದರೆ ಸಾಕು, ದೊಡ್ಡವ್ವನ ಕೂಗು: "ಕಾಲೇಜ್ ರಾಣಿ, ಒಂದ ಕೊಡ ನೀರ ತಂದ್ರ ಕೈ ಸವೀತಾವೇನ?" ಎದುರು ಆಡುವಂತಿರಲಿಲ್ಲ. ಬಸ್ಸು ತಡವಾದರೆ ಎರಡು ಕಡೆ ಉತ್ತರ ಹೇಳಬೇಕು. ಲಕ್ಷ್ಮೇಶ್ವರದಲ್ಲಿ ಕಾಲೇಜಿನ ಶಿಬಿರವಿತ್ತು. ದೊಡ್ಡಪ್ಪ ಬೇಡವೆಂದ. ಅಪ್ಪನ ಮುಖ ನೋಡಿದೆ. ಅವನು ಎತ್ತಿನ ಮೈ ತಿಕ್ಕುತ್ತಲೇ ಇದ್ದ.

ಎರಡನೆಯ ವರ್ಷದ ಮೊದಲ ಕಂತನ್ನೂ ಪ್ರೆಸ್ಸಿನಲ್ಲಿ ದುಡಿದೇ ಕಟ್ಟಿದೆ. ಇನ್ನೊಂದು ಕಂತು ಹತ್ತಿರ ಬಂದಾಗ ದೊಡ್ಡಪ್ಪ ಪಡಸಾಲೆಯಲ್ಲಿ ಎಲ್ಲರೆದುರು ಹೇಳಿದ: "ಮುಂಡರಗ್ಯಾಗ ಒಂದ ಮನೆತನ ನೋಡೀನಿ. ಅವರು ಬಂದು ಹುಡುಗೀನ ನೋಡಿ ಹೋಗ್ಲಿ, ಆಮ್ಯಾಲ ಕಂತ ಕಟ್ಟೂಣು."

"ನಾ ಇನ್ನಾ ಓದಬೇಕ್ರೀ."

"ಬ್ಯಾಡ ಅಂದ್ನೇನ? ನೋಡಿ ಹೋಗಾಕ ಫೀ ಹತ್ತತೈತೇನ?"

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಫೀ ಕಟ್ಟದೆ ಹಾಲ್ ಟಿಕೆಟ್ ಇಲ್ಲ. ಹುಡುಗನ ಕಡೆಯವರು ಬರದೆ ಫೀ ಇಲ್ಲ. ಅವರು ಬಂದು ಒಪ್ಪಿದರೆ ಹಾಲ್ ಟಿಕೆಟ್ ಇದ್ದೂ ಏನು ಉಪಯೋಗ?

ಮರುದಿನ ಮುಂಜಾನೆ ರೊಟ್ಟಿ ಮುರಿಯುತ್ತ ಅಜ್ಜಿ ಕೇಳಿದಳು: "ಆ ಕಾರ್ಡ್ ಯಾರ ಹೆಸರಿನ್ಯಾಗ ಐತಿ?"

"ನಿಂದ. ಮನಿ ಹಿರೇ ಹೆಣ್ಮಗಳ ಹೆಸರಿನ್ಯಾಗ ಇರತೈತಿ."

"ಹಂಗಾರ ನನ್ನ ಯಾಕ ಯಾರೂ ಕೇಳಲಿಲ್ಲ?"

ಅವಳು ಇಳಕಲ್ ಸೀರೆ ಉಟ್ಟು, ಕಾರ್ಡು ಬೇರೆ ಮಾಡಿಸಲು ನನ್ನ ಜೊತೆ ಬಸ್ಸಿಗೆ ಬಂದು ನಿಂತಳು.

ಗದಗಿನ ರೇಷನ್ ಕಚೇರಿಯಲ್ಲಿ ಬೆರಳಚ್ಚಿನ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಕಳೆ ಕಿತ್ತು, ಬಿಸಿ ರೊಟ್ಟಿ ತಿರುವಿ ಗೆರೆಗಳೇ ಸವೆದಿದ್ದವು. ಮತ್ತೆ ಒತ್ತಿದಳು, ಮತ್ತೆ ಕೆಂಪು ದೀಪ. ಹಿಂದಿನ ಸಾಲಿನವರು ಗೊಣಗತೊಡಗಿದರು. ನನ್ನ ಡಿಗ್ರಿಯ ಓದೆಲ್ಲ ಆ ಗಾಜಿನ ಮೇಲೆ ಇತ್ತು. ಅಜ್ಜಿ ಹೆಬ್ಬೆಟ್ಟನ್ನು ತಲೆಯ ಎಣ್ಣೆಗೂದಲಿಗೆ ಉಜ್ಜಿ ಒತ್ತಿದಳು. ಹಸಿರು ಬಂತು.

"ಅಜ್ಜೀ, ನಿಮ್ಮ ಹೆಸರು ಯಾವ ಕಾರ್ಡಿನ್ಯಾಗ ಇಡ್ಲಿ?" ಎಂದು ಕಂಪ್ಯೂಟರಿನ ಹುಡುಗಿ ಕೇಳಿದಳು.

ನಮ್ಮದರಲ್ಲಿ ಎನ್ನುತ್ತಾಳೆಂದುಕೊಂಡಿದ್ದೆ.

"ದೊಡ್ಡಾವನ ಕಡೆ ಇಡವಾ. ಸಿಟ್ಟಾದಾವರ ಮನ್ಯಾಗ ನಮ್ಮಾಕಿ ಒಬ್ಬಾಕಿ ಇರಬೇಕು."

ಹೊಸ ಕಾರ್ಡಿನ ಮೇಲೆ ಆದಾಯಪತ್ರ ಸಿಕ್ಕಿತು, ವಿದ್ಯಾರ್ಥಿವೇತನ ಮಂಜೂರಾಯಿತು. ಆ ಕಾಗದ ತೋರಿಸಿದ ಮೇಲೆ ಕಾಲೇಜಿನವರು ಹಾಲ್ ಟಿಕೆಟ್ ಕೊಟ್ಟರು. ಮುಂಡರಗಿಯವರು ಬರಲಿಲ್ಲ. ದೊಡ್ಡಪ್ಪ ಬೈಯಲಿಲ್ಲ, ಮಾತೇ ನಿಲ್ಲಿಸಿದ. "ಕಾರ್ಡ್ ನಮ್ಮ ಕಡೆ ಐತಿ, ಮುಂಜಾನಿನೂ ಇಲ್ಲೇ ಉಣ್ಣು" ಎಂದು ದೊಡ್ಡವ್ವ ಅಜ್ಜಿಗೆ ಹೇಳಿದಳು. ಒಂದೇ ಛಾವಣಿಯ ಕೆಳಗೆ ಅಜ್ಜಿ ನಮಗೆ ಬೀಗತಿಯಂತಾದಳು.

ನಾನು ಪದವೀಧರೆ. ಅದನ್ನು ಯಾರ ಮುಂದೆಯೂ ದನಿ ತಗ್ಗಿಸಿ ಹೇಳುವುದಿಲ್ಲ. ಈಗ ಬೆಟಗೇರಿಯ ಒಂದು ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲ ಪಗಾರದಲ್ಲಿ ದೊಡ್ಡಪ್ಪ ಕಟ್ಟಿದ್ದ ಕಂತನ್ನು ಲಕೋಟೆಯಲ್ಲಿಟ್ಟು ಅವನ ಮುಂದೆ ಹಿಡಿದೆ. ಅವನು ಡ್ಯೂಟಿಗೆ ಹೊರಟು ಬೂಟು ಕಟ್ಟುತ್ತಿದ್ದ. ಅಷ್ಟು ದಿನಗಳ ಮೇಲೆ ಮೊದಲ ಸಲ ಮಾತಾಡಿದ.

"ಅದು ನಿನಗ ಕೊಟ್ಟಿದ್ದಲ್ಲ. ಮನಿಗೆ ಕೊಟ್ಟಿದ್ದು."

"ಹಂಗಾರ ಮನಿಗಂತನ ತಗೋರಿ."

"ಯಾವ ಮನಿಗೆ?"

ಬೂಟಿನ ದಾರ ಬಿಗಿದು ಎದ್ದು ಹೋದ. ಒಳಗೆ ಅಜ್ಜಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದಳು. ಲಕೋಟೆ ಹಿಡಿದು ನಾನು ಪಡಸಾಲೆಯ ನಡುವೆ ನಿಂತಿದ್ದೆ. ಆ ಕಂತು ಇನ್ನೂ ತೀರಿಲ್ಲ.