ಗೀಚಮ್ಮ ಬಿಡಿಸಿದ ದಾರಿ

ನನ್ನ ನಾದಿನಿಗೆ ಮನೆಯಲ್ಲಿ ಗೀಚಮ್ಮ ಎಂದೇ ಹೆಸರು. ಇಟ್ಟವರು ಅತ್ತೆ. ಗೋಡೆ, ಕ್ಯಾಲೆಂಡರು, ಅಣ್ಣನ ಆಫೀಸಿನ ಫೈಲು, ಯಾವುದನ್ನೂ ಬಿಡದೆ ಗೀಚಿದವಳು ಕೊನೆಗೆ ಗ್ರಾಫಿಕ್ ಡಿಸೈನ್ ಓದಲು ವಿಶ್ವವಿದ್ಯಾಲಯ ಸೇರಿದಳು.

"ಚಿತ್ರ ಬಿಡಿಸೋಕೂ ಡಿಗ್ರಿನಾ? ನಾಳೆ ಹೊಟ್ಟೆಗೆ ಬಣ್ಣ ಕಲಸ್ಕೊಂಡು ತಿಂತೀಯಾ?" ಎಂದು ಅತ್ತೆ ರೇಗುತ್ತಿದ್ದರು.

"ನೀನು ತರೋ ಸೋಪಿನ ಡಬ್ಬಿ, ಓದೋ ಪುಸ್ತಕದ ಮುಖಪುಟ, ಮೊಬೈಲಲ್ಲಿ ಒತ್ತೋ ಗುಂಡಿ, ಎಲ್ಲಾ ಯಾರೋ ಕೂತು ಮಾಡಿದ್ದೇ ಅಮ್ಮಾ."

"ಆ ಯಾರೋಗೆ ಸಂಬಳ ಬರುತ್ತಾ, ಅದನ್ನ ಹೇಳು!"

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಕೈಗೆತ್ತಿಕೊಂಡದ್ದು ಮಕ್ಕಳ ಆಸ್ಪತ್ರೆಯ ದಾರಿ ತೋರಿಸುವ ಫಲಕಗಳನ್ನು. ಬಂದವರು ಯಾರನ್ನೂ ಕೇಳದೆ ಲಸಿಕೆ ಕೋಣೆ ತಲುಪಬೇಕು. ಪರೀಕ್ಷಕರಲ್ಲೊಬ್ಬರು ಇಂಥ ಫಲಕಗಳನ್ನೇ ಮಾಡುವ ಕಂಪನಿಯವರು. ಮೆಚ್ಚಿದರೆ ಕೆಲಸ ಖಂಡಿತ. ಗೆಳತಿಯರನ್ನು ನಡೆಸಿ ನೋಡಿದಳು, ಎಲ್ಲರೂ ಸಲೀಸಾಗಿ ತಲುಪಿದರು. ಆದರೂ ಇವಳಿಗೆ ಸಮಾಧಾನವಿಲ್ಲ.

"ಅತ್ತಿಗೆ, ನಾಳೆ ಪುಟ್ಟಿಗೆ ಲಸಿಕೆ ಅಲ್ವಾ? ನೀವೇ ನಡೆದು ತೋರಿಸಿ. ನಿಮ್ಮಷ್ಟು ಗಾಬರಿ ಬೀಳೋರು ನಂಗೆ ಎಲ್ಲೂ ಸಿಗಲ್ಲ."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಸುಳ್ಳೇನೂ ಅಲ್ಲ, ಮಗು ಸೀನಿದರೆ ಸಾಕು, ನನ್ನ ಕೈ ಥರ್ಮಾಮೀಟರಿಗೆ ಹೋಗುತ್ತದೆ.

ಮರುದಿನ ಆಸ್ಪತ್ರೆಯಲ್ಲಿ ಅವಳ ಕಾಗದದ ಮಾದರಿ ಫಲಕಗಳು ತಲೆಯ ಮೇಲೆ ಅಚ್ಚುಕಟ್ಟಾಗಿ ತೂಗುತ್ತಿದ್ದವಂತೆ. ನಾನು ಕಂಡಿದ್ದರೆ ತಾನೆ! ಹೆಗಲ ಮೇಲೆ ಕಿರುಚುವ ಮಗು, ಜಾರುವ ಚೀಲ, ಎಡವಿಬಿಟ್ಟರೆ ಏನು ಗತಿ ಎಂಬ ಭಯ. ಕೊನೆಗೆ ಹೋಗಿ ನಿಂತದ್ದು ಹಾಸಿಗೆ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಿಂದೆಯೇ ಬಂದ ಗೀಚಮ್ಮನ ಮುಖ ಸಪ್ಪಗಾಗಿತ್ತು.

"ನನ್ನಿಂದ ನಿನ್ನ ಕೆಲಸ ಕೆಟ್ಟೋಯ್ತಲ್ಲೇ," ಎಂದು ಅತ್ತೇಬಿಟ್ಟೆ.

"ಒಂದ್ಸಲನೂ ತಲೆ ಎತ್ತಲಿಲ್ವಲ್ಲ ಅತ್ತಿಗೆ!"

"ಮಗು ಎತ್ಕೊಂಡೋಳು ಕಾಲಡಿ ನೋಡ್ತಾಳೋ, ಸೂರು ಎಣಿಸ್ತಾಳೋ?"

ಗೀಚಮ್ಮ ಕಣ್ಣರಳಿಸಿದಳು. ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಗೀಚತೊಡಗಿದಳು.

ಪರೀಕ್ಷಕರು ಬಂದ ದಿನ ನಾನು ಮತ್ತೆ ಮಗುವನ್ನೆತ್ತಿಕೊಂಡು ಹೊರಟೆ. ಅತ್ತೆಯೂ ಹಿಂದೆಯೇ. ಈ ಸಲವೂ ತಲೆ ಎತ್ತಲಿಲ್ಲ. ಆದರೆ ಬಾಗಿಲು ದಾಟಿದೊಡನೆ ಕಾಲ ಬಳಿ ನೆಲದಲ್ಲಿ ಬಿಡಿಸಿದ ಹಳದಿ ಬಾತುಕೋಳಿ ಮರಿಗಳ ಸಾಲು! ತಿರುವು ಬಂದಲ್ಲಿ ಅವೂ ಕತ್ತು ತಿರುಗಿಸಿದ್ದವು. ಕೊನೆಯ ಮರಿ ಬಾಗಿಲೊಂದಕ್ಕೆ ಕೊಕ್ಕು ತಾಗಿಸಿ ನಿಂತಿತ್ತು. ಲಸಿಕೆ ಕೋಣೆ. ದಾರಿಯುದ್ದಕ್ಕೂ ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಅತ್ತೆ ಮರಿಗಳನ್ನು ತುಳಿಯದಂತೆ ಸೆರಗು ಹಿಡಿದು ಪಕ್ಕದಲ್ಲೇ ನಡೆದುಬಂದರು. ಕಂಪನಿಯವರು ಮಗಳ ಫೋನ್ ನಂಬರು ಬರೆದುಕೊಳ್ಳುವುದನ್ನು ನೋಡಿ ನನ್ನ ಕಿವಿಯಲ್ಲಿ, "ಬಾತುಕೋಳಿಗೂ ಸಂಬಳ ಕೊಡ್ತಾರೇನೇ?" ಎಂದರು.

ಕೊಟ್ಟರು. ಗೀಚಮ್ಮ ಈಗ ಅದೇ ಕಂಪನಿಯಲ್ಲಿ ರೈಲು ನಿಲ್ದಾಣ, ಗ್ರಂಥಾಲಯಗಳಿಗೆ ದಾರಿ ಬಿಡಿಸುತ್ತಾಳೆ. ಆಗಾಗ ಅವಳ ಫೋನ್ ಬರುತ್ತದೆ:

"ಅತ್ತಿಗೆ, ನಾಳೆ ಬಿಡುವಿದ್ಯಾ? ಬಂದು ಸ್ವಲ್ಪ ದಾರಿ ತಪ್ಪಬೇಕಿತ್ತು."