ಅಧ್ಯಕ್ಷರ ಓಣಿಗೆ ಕಡೆಯ ನೀರು

ಈಗ ನಮ್ಮ ಓಣಿಗೆ ಮೊದಲ ಸರದಿಯಲ್ಲೇ ನೀರು ಬರುತ್ತದೆ. ಬೆಳಗಿನ ಚಹಾ ಕುದಿಯುವಷ್ಟರಲ್ಲಿ ಕೊಡಗಳೆಲ್ಲ ತುಂಬಿ ಕುಳಿತಿರುತ್ತವೆ. ಆಮೇಲೆ ಕಾಯುವುದಕ್ಕೆ ಏನೂ ಇರುವುದಿಲ್ಲ. ಅಕ್ಕ ಹೋದ ಮೇಲೆ ನನಗೆ ಬಹಳ ಕಷ್ಟವಾದದ್ದು ಇದೇ.

ಅಕ್ಕ ಎಂದರೆ ನನ್ನ ಭಾವನ ಹೆಂಡತಿ. ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು ನಾವು, ಅವಳು ಹಿರಿಯಳು, ನಾನು ಕಿರಿಯಳು. ಮುರಗೋಡದ ರಸ್ತೆಯಿಂದ ಒಳಗೆ ಸರಿದರೆ ನಮ್ಮ ಊರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಊರಿಗೆ ಎತ್ತರದ ನೀರಿನ ಟಾಕಿ ಬಂತು, ಮನೆಮನೆಗೆ ನಳ ಬಂತು. ಅವನ್ನು ನಡೆಸುವುದಕ್ಕೆ ಊರವರದೇ ಒಂದು ಸಮಿತಿ ಆಗಬೇಕು, ನೀರೂ ಗಟಾರವೂ ಅದರ ಕೈಯಲ್ಲೇ ಇರಬೇಕು ಎಂದು ಬೆಳಗಾವಿಯಿಂದ ಬಂದ ಸಾಹೇಬರು ಹೇಳಿದರು. ಹೆಣ್ಣುಮಗಳೊಬ್ಬಳು ಅಧ್ಯಕ್ಷಳಾದರೆ ಚಲೋ ಎಂದೂ ಹೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿ, ಕಡೆಗೆ ಅಕ್ಕನ ಹೆಸರು ಬರೆಸಿದರು. ಅವಳು ಮೆತ್ತಗಿನವಳು, ಹೇಳಿದಲ್ಲಿ ಸಹಿ ಹಾಕುತ್ತಾಳೆ ಎಂಬುದು ಅವರ ಲೆಕ್ಕ.

ನಳ ಬಂದ ಹೊಸತರಲ್ಲಿ ಊರಿಗೆ ಊರೇ ಒಂದು ಹುಚ್ಚು ಕೆಲಸ ಮಾಡಿತ್ತು. ನಳ ತಗ್ಗಿನಲ್ಲಿದ್ದಷ್ಟೂ ನೀರು ಜೋರು. ಅದಕ್ಕೆ ಒಬ್ಬರು ಅಂಗಳದಲ್ಲಿ ಕುಣಿ ತೋಡಿ ನಳವನ್ನು ಅದರೊಳಗೆ ಇಳಿಸಿದರು. ಪಕ್ಕದವರು ಅದಕ್ಕಿಂತ ಆಳ ತೋಡಿದರು. ನಮ್ಮ ಮನೆಯ ಕುಣಿಯಲ್ಲಿ ಇಳಿದರೆ ಅತ್ತೆಯ ತಲೆಯ ಸೆರಗಷ್ಟೇ ಕಾಣುತ್ತಿತ್ತು. ದಿಬ್ಬದ ಮೇಲಿನ ಓಣಿಯ ನಳದಲ್ಲಿ ಬರೀ ಗಾಳಿ ಬುಸುಗುಡುತ್ತಿತ್ತು. ಅಲ್ಲಿಯ ಹೆಂಗಸರು ಮೊದಲಿನಂತೆಯೇ ಹಳ್ಳಕ್ಕೆ ನಡೆಯುತ್ತಿದ್ದರು. ಸಾಲದ್ದಕ್ಕೆ ಗಟಾರ ತುಂಬಿದಾಗ ಅದರ ನೀರು ಹರಿದು ಬಂದು ನಮ್ಮ ಕುಣಿಗಳಲ್ಲೇ ನಿಲ್ಲುತ್ತಿತ್ತು.

ಮೊದಲ ಸಭೆ ಸಾಲೆಯ ಪಡಸಾಲೆಯಲ್ಲಿ ನಡೆಯಿತು. ನಾನು ಅಕ್ಕನ ಜೊತೆಗೆ ಹೋಗಿದ್ದೆ. ಕುಣಿ ಮುಚ್ಚಬೇಕು ಎಂದು ಅವಳು ಅಂದಾಗ ಅಗಸಿ ಓಣಿಯ ಹಿರಿಯರೊಬ್ಬರು ನಕ್ಕರು.

“ಮೊದ್ಲ ನಿಮ್ಮ ಮನಿ ಕುಣಿ ಮುಚ್ಚರಿ ತಂಗಿ, ಆಮ್ಯಾಲ ನಮಗ ಹೇಳೀರಂತ.”

“ನಿನ್ನೆ ಮುಚ್ಚೇವ್ರಿ ಅಣ್ಣಾರ,” ಅಂದಳು ಅಕ್ಕ. “ಇನ್ನೊಂದ್ ಮಾತೈತಿ. ಅಧ್ಯಕ್ಷರು ಯಾರs ಇರಲಿ, ಅವರ ಓಣಿಗೆ ನೀರು ಕಡೀಕ್ ಬಿಡಬೇಕು. ಕಡೀ ಓಣಿಗೆ ನೀರು ಮುಟ್ಟಬೇಕಂದ್ರ ಅವರು ಊರೆಲ್ಲಾ ನೋಡಿಕೋತಾರ.”

ಯಾರಿಗೂ ಬೇಡವೆನ್ನಲು ಆಗಲಿಲ್ಲ. ಅವರ ಯಾರ ಓಣಿಗೂ ಅದರಿಂದ ನಷ್ಟವಿರಲಿಲ್ಲವಲ್ಲ. ನಷ್ಟ ನಮ್ಮದೇ. ಒಂದೊಂದಾಗಿ ಕುಣಿಗಳೆಲ್ಲ ಮುಚ್ಚಿದವು. ಮೇಲಿನ ಓಣಿಯಲ್ಲಿ ಮೊದಲ ಸಲ ನೀರು ಬಿದ್ದ ದಿನ ಅಲ್ಲಿಯ ಹುಡುಗರು ನಳದ ಕೆಳಗೇ ಕುಳಿತು ಜಳಕ ಮಾಡಿದರಂತೆ. ಅದೇ ದಿನ ನಮ್ಮ ಮನೆಯಲ್ಲಿ ಭಾವ ಊಟದ ಹೊತ್ತಿಗೆ ಜಳಕ ಮಾಡಿದರು.

ಅಲ್ಲಿಂದ ಅಕ್ಕನಿಗೆ ಮನೆಯೇ ಎದುರಾಯಿತು. ಓಣಿಯವರು ಕಟ್ಟೆಗೆ ಬಂದು ಅತ್ತೆಗೆ ಚುಚ್ಚುವರು, ಅತ್ತೆ ಒಳಗೆ ಬಂದು ಅಕ್ಕನಿಗೆ ಚುಚ್ಚುವಳು. ತಾನು ಒಂದು ದಿನ ಸಡಿಲಬಿಟ್ಟರೂ ಕುಣಿಗಳು ಮತ್ತೆ ಬಾಯಿ ತೆರೆಯುತ್ತವೆ, ಮೇಲಿನವರು ಮತ್ತೆ ಹಳ್ಳ ಹಿಡಿಯುತ್ತಾರೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಅವಳು ಎದುರು ಮಾತಾಡುತ್ತಿರಲಿಲ್ಲ. ಖಾಲಿ ಕೊಡ ಸಾಲಾಗಿಟ್ಟು, ನನ್ನನ್ನೂ ಕರೆದು, ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದಳು. ಕಾಳು ಹಸನು ಮಾಡುತ್ತ, ತಲೆ ಬಾಚುತ್ತ, ಇಲ್ಲದ್ದೆಲ್ಲ ಮಾತಾಡುತ್ತ ನಾವು ನೀರಿಗೆ ಕಾಯುತ್ತಿದ್ದೆವು. ಸೊಸೆಯಂದಿರಿಗೆ ಬೆಳಗಿನ ಹೊತ್ತು ಹಾಗೆ ಸುಮ್ಮನೆ ಕೂರುವ ಸುಖ ಬೇರೆ ಯಾವ ಮನೆಯಲ್ಲಿತ್ತು?

ನನ್ನ ನಾದಿನಿಯನ್ನು ನೋಡಲು ರಾಮದುರ್ಗದ ಕಡೆಯವರು ಬರುವ ದಿನ ಬಂತು. ಹಿಂದಿನ ದಿನ ಕರೆಂಟು ಹೋಗಿ ಟಾಕಿ ತುಂಬದೆ ನೀರೇ ಬಂದಿರಲಿಲ್ಲ. ಕರೆಂಟು ಬಂದು ಟಾಕಿ ತುಂಬಿದ್ದು ರಾತ್ರಿ. ಮನೆಯ ಹಂಡೆ, ಡ್ರಮ್ಮು ಎಲ್ಲ ತಳ ಕಂಡಿದ್ದವು. ಅತ್ತೆ ಬೆಳಗಾಗುತ್ತಲೇ ನೀರು ಬಿಡುವವನ ಹತ್ತಿರ ಹೋಗಿ, ನಮ್ಮ ಓಣಿಗೆ ಮೊದಲು ಬಿಡು ಎಂದು ಕೇಳಿದಳು. “ಅಧ್ಯಕ್ಷರು ಹೇಳಬೇಕ್ರಿ ಯವ್ವಾ,” ಎಂದು ಅವನು ಮೇಲಿನ ಓಣಿಗೆ ನಡೆದುಬಿಟ್ಟ. ಅತ್ತೆ ಮನೆಗೆ ಬಂದು ಅಕ್ಕನ ಮುಂದೆ ನಿಂತಳು.

“ಇದೊಂದಿನ ಹೇಳು. ಬೀಗರು ಬಸ್ ಇಳಿಯೂ ಹೊತ್ತಾತು.”

“ಇವತ್ತ ಬಿಟ್ರ ನಾಳಿ ಇನ್ನೊಬ್ಬರ ಮನಿಗೆ ಬೀಗರು ಬರತಾರ್ರಿ ಅತ್ತಿ.”

“ಹಂಗಾರ ಬಂದವರ ಕಾಲಿಗೆ ಮಜ್ಜಿಗಿ ಕೊಡೂಣೇನು?”

ಅಕ್ಕನ ಕಣ್ಣು ತುಂಬಿತು. ಅವಳು ಬಾಯಿ ತೆರೆದಿದ್ದಳು. ಹೇಳಿಯೇಬಿಡುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಬೀಗರು ಅಂಗಳಕ್ಕೆ ಬಂದೇ ಬಿಟ್ಟರು. ಅವರ ಬೆನ್ನ ಹಿಂದೆಯೇ ದಿಬ್ಬ ಇಳಿದು ಮೇಲಿನ ಓಣಿಯ ಹೆಂಗಸರು ಸಾಲು ಹಿಡಿದು ಬಂದರು. ಎಲ್ಲರ ಸೊಂಟದಲ್ಲೂ ತುಂಬಿದ ಕೊಡ. ನೀರು ಬಿಡುವವನು ಅಲ್ಲಿ ಸುದ್ದಿ ಮುಟ್ಟಿಸಿದ್ದ.

ಮುಂದಿದ್ದ ಮುದುಕಿ ಕೊಡ ಇಳಿಸಿ ಅಂದಳು, “ಅಧ್ಯಕ್ಷರ ಮನ್ಯಾಗ ನೀರಿಲ್ಲಂತ, ತಗೋರಿ. ನಮ್ಮ ಕಡೆ ಹೆಚ್ಚಾಗಿ ಚೆಲ್ಲಾಕ ಹತ್ತೈತಿ.”

ಹುಡುಗನ ತಾಯಿ ಬೆರಗಾಗಿ ನೋಡಿದರು. ಬೆಳಗಿನಿಂದ ಬೈದು ಬೈದು ದಣಿದಿದ್ದ ಅತ್ತೆ ಸೆರಗು ಸರಿಮಾಡಿಕೊಂಡಳು. “ನಮ್ಮ ಹಿರಿ ಸೊಸಿ ಊರ ನೀರಿನ ಅಧ್ಯಕ್ಷರು ಅದಾರ್ರಿ,” ಅಂದಳು. “ಅದಕ್ಕs ನಮಗ ಕಡೀಕ್ ಬರತೈತಿ. ಹಿಂಗs ನಮ್ಮ ಮನಿ.”

ಹುಡುಗನ ತಂದೆ ಕಾಲು ತೊಳೆಯುತ್ತ ನಕ್ಕರು. “ಈ ಮನಿ ಹುಡುಗಿಗೆ ತಾಳ್ಮಿ ಕಲಸೂದs ಬ್ಯಾಡ ಬಿಡ್ರಿ.”

ಆ ಸಂಬಂಧ ಗಟ್ಟಿಯಾಯಿತು. ಅತ್ತೆ ಆಮೇಲೆ ಕಟ್ಟೆಗೆ ಬಂದವರಿಗೆಲ್ಲ, ನಮಗೆ ನೀರು ಕಡೆಗೆ ಬರುತ್ತದೆ ಎಂದು ತಾನೇ ಮೊದಲು ಹೇಳತೊಡಗಿದಳು.

ಅಕ್ಕನ ನಂತರ ಅಧ್ಯಕ್ಷಗಿರಿ ಓಣಿಯಿಂದ ಓಣಿಗೆ ತಿರುಗಿತು, ಕಡೆಯ ನೀರೂ ಅದರ ಬೆನ್ನಿಗೇ ತಿರುಗಿತು. ಈಗ ಅದು ಅಗಸಿ ಓಣಿಯಲ್ಲಿದೆ. ಮೊನ್ನೆ ಮೇಲಿನ ಓಣಿಯಿಂದ ಆ ಮುದುಕಿಯ ಸೊಸೆ ಬಂದಿದ್ದಳು.

“ಈ ಸಲ ನೀವs ಆಗಬೇಕಂತಾರ ಎಲ್ಲಾರೂ. ಏನಂತೀರಿ ಅಕ್ಕಾರ?”

ನಾನು ಒಳಗೆ ನೋಡಿದೆ. ಅತ್ತೆಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

“ಹೂಂ ಅನ್ನು,” ಅಂದಳು ಅಲ್ಲಿಂದಲೇ. “ಮುಂಜಾನೆ ಕಟ್ಟೀ ಮ್ಯಾಲ ಯಾರೂ ಕೂಡೂದs ಬಿಟ್ಟಾರ.”

ಹೂಂ ಅಂದೆ. ಮರುದಿನ ಅಕ್ಕನ ಕೊಡವನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಸಾಲಿನಲ್ಲಿ ನನ್ನ ಕೊಡದ ಪಕ್ಕಕ್ಕೆ ಇಟ್ಟೆ.